ನೀರಿಳಿದ ಅಂಚಿಗೆ ಇಳಿಯುವ ಹಕ್ಕಿಗಳು

ಯಾಸಂಗಿ, ಅಂದರೆ ಹಿಂಗಾರಿನ, ಭತ್ತದ ನಾಟಿಗೆಂದು ತೆಲಂಗಾಣದ ನಿಜಾಂಸಾಗರ ಜಲಾಶಯದ ತೂಬು ಎತ್ತಿದರೆ ಲಾಭ ಕಾಲುವೆಯ ಕೆಳಗಿನ ರೈತರಿಗಷ್ಟೇ ಅಲ್ಲ. ಅಣೆಕಟ್ಟೆಯ ಮೇಲ್ಭಾಗದಲ್ಲಿ, ಕಲ್ಹೇರ್ ಸೀಮೆಗೆ ಹತ್ತಿರದ ಹಿನ್ನೀರಿನಲ್ಲಿ, ಹಕ್ಕಿಗಳಿಗೂ ಅದರಲ್ಲಿ ಪಾಲಿದೆ. ಡಿಸೆಂಬರ್ ಕಳೆಯುತ್ತಿದ್ದಂತೆ ನೀರು ದಿನಕ್ಕಿಷ್ಟು ಹಿಂದೆ ಸರಿಯುತ್ತದೆ. ಮಳೆಗಾಲದಿಂದ ಮುಳುಗಿದ್ದ ನೆಲ ಹೊರಗೆ ಬರುತ್ತದೆ. ನೀರಿಗೆ ತಾಗಿದ ಕಡೆ ಹುಳು ತುಂಬಿದ ಕೆಸರು, ಅದರಾಚೆ ಬಿರುಕು ಬಿಡುತ್ತಿರುವ ಎರೆಮಣ್ಣು, ಇನ್ನೂ ಮೇಲೆ ಬೆರಳುದ್ದದ ಎಳೆ ಹುಲ್ಲು. ಚಳಿಗಾಲದಲ್ಲಿ ಇಲ್ಲಿಗೆ ಬರುವ ಹಕ್ಕಿಗಳು ಅಂಚಿನ ನೀರನ್ನೂ ಈ ಪಟ್ಟಿಗಳನ್ನೂ ತಮ್ಮತಮ್ಮೊಳಗೆ ಹಂಚಿಕೊಳ್ಳುತ್ತವೆ. ಕೆಸರು ಉದ್ದ ಕೊಕ್ಕಿನ ಗೊರವಗಳಿಗೆ, ತೆಳುನೀರು ಬಾತುಗಳಿಗೆ, ಹುಲ್ಲು ಹೆಬ್ಬಾತುಗಳಿಗೆ.

ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟುವ ಮಾಂಜ್ರಾ ನದಿ ಬೀದರ್ ಜಿಲ್ಲೆ ದಾಟಿ ತೆಲಂಗಾಣ ಹೊಕ್ಕು, ಸಿಂಗೂರು ಜಲಾಶಯ ತುಂಬಿಸಿ, ಸಂಗಾರೆಡ್ಡಿಯ ಆಚೆ ಬಡಗಣಕ್ಕೆ ತಿರುಗಿ ನಿಜಾಂಸಾಗರ ಸೇರುತ್ತದೆ. ಕೊನೆಗೆ ಕಂದಕುರ್ತಿಯಲ್ಲಿ ಗೋದಾವರಿಗೆ ಕೂಡುತ್ತದೆ. ಉದ್ದ 724 ಕಿಲೋಮೀಟರ್. ದಾರಿಯುದ್ದಕ್ಕೂ ಸಹಜ ಸರೋವರ ಎನ್ನುವಂಥದ್ದು ಇಲ್ಲವೆಂದೇ ಹೇಳಬೇಕು. ದಖನ್ನಿನ ಈ ಒಣ ಬಯಲಿನಲ್ಲಿ ದೊಡ್ಡ ನೀರು ಎಲ್ಲಿದ್ದರೂ ಅದು ಮನುಷ್ಯ ಕಟ್ಟಿ ನಿಲ್ಲಿಸಿದ ನೀರು: ಬೀದರ್‌ನ ಕಾರಂಜಾ, ಪುಲ್ಕಲ್ ಬಳಿಯ ಸಿಂಗೂರು, ಕಲ್ಹೇರ್ ಬಳಿಯ ನಲ್ಲವಾಗು, ಊರೂರಿನ ಹಳೆಯ ಕೆರೆಗಳು. ಮಂಗೋಲಿಯದಿಂದ ಹಾರಿ ಬರುವ ಹಕ್ಕಿ ಇಳಿಯಲು ಹುಡುಕುವುದು ಎಂಜಿನಿಯರುಗಳು ಬರೆದ ನಕ್ಷೆಯನ್ನೇ.

ನಿಜಾಂಸಾಗರದ ಕೆಲಸ ಶುರುವಾದದ್ದು 1923ರಲ್ಲಿ, ಮುಗಿದದ್ದು 1931ರಲ್ಲಿ. ಹೈದರಾಬಾದ್ ಸಂಸ್ಥಾನದ ಮುಖ್ಯ ಎಂಜಿನಿಯರ್ ನವಾಬ್ ಅಲಿ ನವಾಜ್ ಜಂಗ್ ಅದರ ರೂವಾರಿ. ಅದೇ ಹೊತ್ತಿಗೆ, 1931–32ರಲ್ಲಿ, ಕೈಯಲ್ಲಿ ಕಾಯಂ ನೌಕರಿ ಇಲ್ಲದ ತರುಣ ಪಕ್ಷಿತಜ್ಞರೊಬ್ಬರು ಪತ್ನಿ ತೆಹಮಿನಾ ಜೊತೆ ನಿಜಾಮರ ಸೀಮೆಯಲ್ಲಿ ಬಿಡಾರ ಹೂಡುತ್ತ ಹಕ್ಕಿಗಳ ಲೆಕ್ಕ ಹಿಡಿಯುತ್ತಿದ್ದರು. ಅವರೇ ಸಲೀಂ ಅಲಿ. ಆ ಹೈದರಾಬಾದ್ ಸಮೀಕ್ಷೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1933ರಿಂದ ಕಂತುಕಂತಾಗಿ ಅಚ್ಚಾಯಿತು. ಆಗ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗದಲ್ಲಿ. 1956ರ ನವೆಂಬರಿನಲ್ಲಿ ಭಾಷಾವಾರು ರಾಜ್ಯಗಳ ಗೆರೆ ಎಳೆದಾಗ ಇವು ಆಂಧ್ರದ ಕಡೆ ಬಿದ್ದವು. ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು, ಸಂತೆಯಲ್ಲಿ ಉರ್ದು ಎನ್ನುವಂತೆ ಊರುಗಳು ಉಳಿದುಕೊಂಡವು.

ಎಂಜಿನಿಯರುಗಳ ಲೆಕ್ಕದಲ್ಲಿ ನಿಜಾಂಸಾಗರಕ್ಕೆ ಒಂದು ದೊಡ್ಡ ನಷ್ಟವಿದೆ. ಕಟ್ಟಿದಾಗ ಅದರಲ್ಲಿ 29 ಟಿಎಂಸಿಗಿಂತ ಹೆಚ್ಚು ನೀರು ಹಿಡಿಯುತ್ತಿತ್ತು. ಮಾಂಜ್ರಾ ಹೊತ್ತು ತಂದ ಹೂಳು ತುಂಬುತ್ತ ಹೋಗಿ ಈಗ ಲೆಕ್ಕಕ್ಕೆ ಸಿಗುವುದು 17.8 ಟಿಎಂಸಿ. ನೀರಾವರಿ ಇಲಾಖೆಗೆ ಇದು ತಲೆನೋವು. ಹಕ್ಕಿಗಳ ಕಡೆಯಿಂದ ನೋಡಿದರೆ ಲೆಕ್ಕ ತಿರುವುಮುರುವು. ಹೂಳು ತುಂಬಿದ ಕಡೆ ನೀರು ತೆಳುವಾಗಿರುತ್ತದೆ. ಕಾಲು ಊರಿ ನಿಂತು ಮೇಯುವ ಹಕ್ಕಿಗೆ ಆಳದ ನೀರು ಎಷ್ಟಿದ್ದರೂ ಉಪಯೋಗಕ್ಕಿಲ್ಲ. ಗೇಣುದ್ದ ನೀರು, ಅದರ ಕೆಳಗೆ ಮೆತ್ತನೆಯ ಕೆಸರು ಇರಬೇಕು. ಕೆಲವು ವರ್ಷ ಇಲ್ಲಿ ರಾಜಹಂಸಗಳು ಬಂದು ನಿಲ್ಲುವುದಕ್ಕೂ ಈ ತೆಳುನೀರೇ ಕಾರಣ. ಅವು ಕೊಕ್ಕನ್ನು ತಲೆಕೆಳಗು ಮಾಡಿ ಕೆಸರುನೀರು ಸೋಸಿ ತಿನ್ನುವ ಹಕ್ಕಿಗಳು.

ಜನವರಿಯ ಬೆಳಗಿನಲ್ಲಿ ಹಿನ್ನೀರಿನ ಹುಲ್ಲಿನ ಮೇಲೆ ಬೂದುಬಣ್ಣದ ಹಿಂಡೊಂದು ಕಂಡರೆ ಅದು ಪಟ್ಟೆತಲೆ ಹೆಬ್ಬಾತು ಆಗಿರುವ ಸಂಭವ ಹೆಚ್ಚು. ದೂರದಿಂದ ಸಾಕಿದ ಬಾತಿನ ಹಾಗೆಯೇ ಕಾಣುತ್ತದೆ. ದುರ್ಬೀನು ಹಿಡಿದರೆ ಬಿಳಿಯ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಕಿತ್ತಳೆ ಹಳದಿ ಕೊಕ್ಕು, ಕತ್ತಿನ ಬದಿಗೆ ಮೇಲಿಂದ ಕೆಳಗೆ ಇಳಿದ ಬಿಳಿ ಗೆರೆ. ಮೇಯುವ ಬಗೆ ದನದ್ದು. ತಲೆ ತಗ್ಗಿಸಿ ಹುಲ್ಲಿನ ತುದಿಯನ್ನು ಕೊಕ್ಕಿನ ಅಂಚಿನಿಂದ ಕಚಕ್ಕೆಂದು ಕತ್ತರಿಸಿ, ಒಂದು ಹೆಜ್ಜೆ ಇಟ್ಟು, ಮತ್ತೆ ಕತ್ತರಿಸುತ್ತದೆ. ಹುಲ್ಲಿನಲ್ಲಿ ಸತ್ವ ಕಡಿಮೆ, ಹಕ್ಕಿಗೆ ನಾಲ್ಕು ಹೊಟ್ಟೆಯ ಸೌಲಭ್ಯವಿಲ್ಲ. ಹೀಗಾಗಿ ದಿನದ ಬಹುಪಾಲು ತಿನ್ನುತ್ತಲೇ ಇರಬೇಕು, ಕೆಲವು ನಿಮಿಷಕ್ಕೊಮ್ಮೆ ಹಸಿರು ಹಿಕ್ಕೆ ಹಾಕುತ್ತಲೇ ಇರಬೇಕು. ಹಿಂಡು ಮೇಯುವಾಗ ಒಂದೆರಡು ಹಕ್ಕಿಗಳು ಕತ್ತು ನೆಟ್ಟಗೆ ಮಾಡಿ ನಿಂತಿರುತ್ತವೆ. ಕಾವಲಿನವು ಕತ್ತು ಇಳಿಸಿದಾಗ ಬೇರೆಯವು ಎತ್ತುತ್ತವೆ. ನಾಯಿ ಕಂಡರೆ ಮೊದಲು ಗದ್ದಲ, ಆಮೇಲೆ ನೀರಿನ ಕಡೆ ಓಟ.

ಈ ಎರಡು ಮೂರು ಕಿಲೋ ತೂಕದ ಹಕ್ಕಿ ಹಿಮಾಲಯವನ್ನು ದಾಟಿ ಬಂದಿದೆ ಎಂಬುದೇ ಅದರ ಖ್ಯಾತಿ. ಸಂತಾನೋತ್ಪತ್ತಿ ಟಿಬೆಟ್, ಚೀನಾದ ಚಿಂಗ್‌ಹೈ, ಕಿರ್ಗಿಸ್ತಾನ, ಮಂಗೋಲಿಯದ ಎತ್ತರದ ಸರೋವರಗಳಲ್ಲಿ. ಅಲ್ಲಿ ನೀರು ಹೆಪ್ಪುಗಟ್ಟುವ ಮೊದಲು ಹೊರಟು ಭಾರತಕ್ಕೆ ಇಳಿಯುತ್ತದೆ. ಎವರೆಸ್ಟ್ ಮೇಲೆ ಹೆಬ್ಬಾತು ಹಾರಿದ್ದು ನೋಡಿದೆವು, ಕೇಳಿದೆವು ಎಂಬ ಪರ್ವತಾರೋಹಿಗಳ ಮಾತು ದಶಕಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ನಡೆದುಬಂದಿತ್ತು. ಬೆನ್ನಿಗೆ ಪುಟ್ಟ ಉಪಗ್ರಹ ಯಂತ್ರ ಕಟ್ಟಿ ಬಿಟ್ಟ ಮೇಲೆ ನಿಜಸಂಗತಿ ತಿಳಿಯಿತು. ದಾಖಲಾದ ಅತಿ ಎತ್ತರ 7,290 ಮೀಟರ್. ಆದರೆ ಬಹುತೇಕ ಹಾರಾಟ ಐದೂವರೆ ಸಾವಿರ ಮೀಟರಿನ ಒಳಗೇ ನಡೆದಿತ್ತು. ಅಂದರೆ ಹೆಬ್ಬಾತು ಪರ್ವತದ ನೆತ್ತಿಯ ಮೇಲೆ ಹಾರುವ ಹಟಮಾರಿ ಅಲ್ಲ. ಕಣಿವೆ ಹಿಡಿದು ಬರುವ ಜಾಣ ಹಕ್ಕಿ.

2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇನ್ನೂ ಒಳಗಿನ ಸುದ್ದಿ ಹೇಳಿತು. ಮಂಗೋಲಿಯದಲ್ಲಿ ಹಿಡಿದ ಹೆಬ್ಬಾತುಗಳ ಮೈಯೊಳಗೆ ಹೃದಯಬಡಿತ, ರೆಕ್ಕೆಬಡಿತ ದಾಖಲಿಸುವ ಯಂತ್ರಗಳನ್ನು ಇಟ್ಟು ಕಳಿಸಿದ್ದರು. ಒಮ್ಮೆ ಮೇಲೇರಿ ಅದೇ ಎತ್ತರದಲ್ಲಿ ಸಾಗುವುದರ ಬದಲು ಹಕ್ಕಿಗಳು ನೆಲದ ಏರಿಳಿತವನ್ನೇ ಅನುಸರಿಸಿ ಏರುತ್ತ, ಇಳಿಯುತ್ತ, ಮತ್ತೆ ಏರುತ್ತ ಸಾಗಿದ್ದವು. ನೋಡಿದವರಿಗೆ ಇದು ದಂಡದ ಕೆಲಸ ಎನಿಸೀತು. ಎತ್ತರದ ತೆಳುಗಾಳಿಯಲ್ಲಿ ರೆಕ್ಕೆಗೆ ಆಸರೆ ಕಡಿಮೆ, ಪ್ರತಿ ಬಡಿತಕ್ಕೂ ದುಬಾರಿ ಬೆಲೆ ತೆರಬೇಕು. ಆದ್ದರಿಂದ ಇಳಿದು ದಟ್ಟಗಾಳಿಯಲ್ಲಿ ಸಾಗಿ ಮತ್ತೆ ಏರುವುದೇ ಒಟ್ಟು ಲೆಕ್ಕದಲ್ಲಿ ಅಗ್ಗ. ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚು ಹಾರುವುದೂ ಇದೇ ಕಾರಣಕ್ಕೆ. ತಂಪುಗಾಳಿ ಹೆಚ್ಚು ದಟ್ಟ.

ಉಳಿದದ್ದು ರಕ್ತದ ಕೆಲಸ. ಏಳು ಸಾವಿರ ಮೀಟರಿನ ಎತ್ತರದಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕೂ ಕಡಿಮೆ. ಹೆಬ್ಬಾತಿನ ಹಿಮೋಗ್ಲೋಬಿನ್‌ನ ಆಲ್ಫಾ ಸರಪಳಿಯಲ್ಲಿ 119ನೆಯ ಜಾಗದಲ್ಲಿರುವ ಅಮೈನೊ ಆಮ್ಲ ಅದರ ಬಯಲುಸೀಮೆಯ ದಾಯಾದಿಗಳಲ್ಲಿ ಪ್ರೋಲಿನ್, ಇದರಲ್ಲಿ ಅಲನಿನ್. ಇಷ್ಟೇ ಬದಲಾವಣೆಗೆ ಅಣುವಿನ ಎರಡು ಭಾಗಗಳ ನಡುವಿನ ಹಿಡಿತ ಸ್ವಲ್ಪ ಸಡಿಲಾಗಿ, ಆಮ್ಲಜನಕವನ್ನು ಹಿಡಿಯುವ ಶಕ್ತಿ ಹೆಚ್ಚುತ್ತದೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಹೆಬ್ಬಾತು ಇದೇ ಹಿಡಿತವನ್ನು ಎದುರು ಸರಪಳಿಯಲ್ಲಿ ಬೇರೊಂದು ಬದಲಾವಣೆಯಿಂದ ಸಡಿಲ ಮಾಡಿಕೊಂಡಿದೆ. 1991ರಲ್ಲಿ ಸಂಶೋಧಕರು ಇದೇ ಬದಲಾವಣೆಗಳನ್ನು ಮನುಷ್ಯನ ಹಿಮೋಗ್ಲೋಬಿನ್‌ಗೆ ತಂದು ನೋಡಿದರು. ಅಲ್ಲೂ ಆಮ್ಲಜನಕದ ಹಿಡಿತ ಬಿಗಿಯಾಯಿತು. ನಿಜಾಂಸಾಗರದ ಹುಲ್ಲಿನ ಮೇಲೆ ಸೋಮಾರಿಯ ಹಾಗೆ ಮೇಯುವ ಹಕ್ಕಿಯ ಮೈಯಲ್ಲಿ ಇಷ್ಟೆಲ್ಲ ಅಡಗಿದೆ.

ಕನ್ನಡನಾಡಿನಲ್ಲಿ ಈ ಹೆಬ್ಬಾತಿನ ಹೆಸರಾಂತ ಠಾವು ಗದಗ ಜಿಲ್ಲೆಯ ಮಾಗಡಿ ಕೆರೆ. ಅಲ್ಲಿ ಚಳಿಗಾಲಕ್ಕೆ ಸಾವಿರಗಟ್ಟಲೆ ಸೇರುತ್ತವೆ, 2024ರಲ್ಲಿ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಮೈಸೂರು ಕಡೆಯ ಹದಿನಾರು ಎಂಬ ಊರಿನ ಕೆರೆಯಲ್ಲಿ ಮಂಗೋಲಿಯದವರು ಕತ್ತಿಗೆ ಹಾಕಿದ ಪಟ್ಟಿ ಹೊತ್ತ ಹೆಬ್ಬಾತುಗಳು ಕಾಣಿಸಿಕೊಂಡದ್ದುಂಟು. ಕತ್ತಿನ ಪಟ್ಟಿಯ ಮೇಲಿನ ಅಕ್ಷರ ಓದಿ ತಿಳಿಸಿದರೆ ಹಕ್ಕಿ ಎಲ್ಲಿ, ಯಾವಾಗ ಪಟ್ಟಿ ಹಾಕಿಸಿಕೊಂಡಿತೆಂಬುದು ಗೊತ್ತಾಗುತ್ತದೆ. ಹಾಗಾಗಿ ಕಲ್ಹೇರ್ ಕಡೆಯವರು ಹೆಬ್ಬಾತು ಕಂಡರೆ ಕತ್ತನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಹೆಬ್ಬಾತು ಹುಲ್ಲಿಗಷ್ಟೇ ತೃಪ್ತಿಪಡುವುದಿಲ್ಲ. ರಾತ್ರಿ, ನಸುಕಿನಲ್ಲಿ ಹೊಲಕ್ಕೆ ಇಳಿದು ಗೋಧಿಯ ಎಳೆ ಪೈರು, ಕಡಲೆ ಮೇಯುವ ಚಾಳಿ ಅದಕ್ಕಿದೆ. ಪ್ರವಾಸಿಗ ನೋಡುವ ಹಕ್ಕಿ ಬೇರೆ, ರೈತ ನೋಡುವ ಹಕ್ಕಿ ಬೇರೆ. ಈ ಜಗಳ ಇಲ್ಲಿನದಷ್ಟೇ ಅಲ್ಲ. ಸ್ಕಾಟ್ಲೆಂಡಿನ ಪಡುವಣ ಕಡಲಿನ ಐಲಾ ದ್ವೀಪಕ್ಕೆ ಪ್ರತಿ ಅಕ್ಟೋಬರಿನಲ್ಲಿ ಗ್ರೀನ್‌ಲೆಂಡಿನಿಂದ ಬಾರ್ನಕಲ್ ಹೆಬ್ಬಾತುಗಳು ಹತ್ತಾರು ಸಾವಿರ ಲೆಕ್ಕದಲ್ಲಿ ಬಂದು ಏಪ್ರಿಲ್‌ವರೆಗೆ ಬೀಡುಬಿಡುತ್ತವೆ. ಜಗತ್ತಿನ ಪಕ್ಷಿವೀಕ್ಷಕರು ಅಲ್ಲಿಗೆ ದುಡ್ಡು ಕೊಟ್ಟು ಹೋಗುತ್ತಾರೆ. ಕುರಿ, ದನಗಳಿಗೆಂದು ಬೆಳೆಸಿದ ಹುಲ್ಲು ಹಕ್ಕಿಯ ಪಾಲಾಗುತ್ತದೆಂದು ಅಲ್ಲಿನ ರೈತರಿಗೆ ಸರ್ಕಾರ ಪರಿಹಾರ ಕೊಡುತ್ತದೆ, ಹಕ್ಕಿಯ ಸಂಖ್ಯೆ ತಗ್ಗಿಸಲು ಗುಂಡನ್ನೂ ಹಾರಿಸಿದ್ದುಂಟು. ನಮ್ಮಲ್ಲಿ ಹೆಬ್ಬಾತು ತಿಂದ ಕಡಲೆಗೆ ಪರಿಹಾರ ಕೇಳಲು ಹೋದವನನ್ನು ಜನ ನಕ್ಕು ಕಳಿಸಿಯಾರು. ಆದರೂ ಇಲ್ಲಿನ ರೈತನೇ ಹೆಚ್ಚು ತಾಳ್ಮೆ ತೋರಿದ್ದಾನೆ ಎಂದು ಹೇಳಲು ಅಡ್ಡಿಯಿಲ್ಲ.

ಹೆಬ್ಬಾತಿನ ನೆರೆಯಲ್ಲಿ ಜೋಡಿಜೋಡಿಯಾಗಿ ಓಡಾಡುವ ಇಟ್ಟಿಗೆಬಣ್ಣದ ಬಾತು ಚಕ್ರವಾಕ. ಲಡಾಖ್, ಟಿಬೆಟ್ಟಿನ ಬಂಡೆಗಳ ಪೊಟರೆಗಳಲ್ಲಿ ಮರಿ ಮಾಡುವ ಹಕ್ಕಿ. ಮೈಬಣ್ಣ ಭಿಕ್ಷುಗಳ ಚೀವರವನ್ನು ಹೋಲುವುದರಿಂದ ಬೌದ್ಧರಿಗೆ ಅದು ಪವಿತ್ರ. ರಾತ್ರಿಯಾದರೆ ಗಂಡು ಹೆಣ್ಣು ಅಗಲಿ ಹೊಳೆಯ ಎರಡು ದಡಗಳಿಂದ ಒಂದನ್ನೊಂದು ಕರೆಯುತ್ತವೆಂದು ಸಂಸ್ಕೃತ, ಹಳಗನ್ನಡ ಕವಿಗಳು ಮತ್ತೆ ಮತ್ತೆ ಹೇಳಿದರು. ವಿರಹ ಕವಿಗಳದ್ದು, ಕರೆ ಹಕ್ಕಿಯದ್ದೇ. ಚಕ್ರವಾಕ ರಾತ್ರಿಯೂ ಮೇಯುತ್ತದೆ. ಕತ್ತಲಲ್ಲಿ ಜೋಡಿ ಚದುರಿದಾಗ ‘ಆಂಗ್, ಆಂಗ್’ ಎಂದು ಒಂದಕ್ಕೊಂದು ಕೂಗಿ ಸುಳಿವು ಕೊಡುತ್ತಿರುತ್ತದೆ.

ಕೆಸರಿನ ಪಟ್ಟಿಯಲ್ಲಿ ಓಡಾಡುವ ಗುಂಪನ್ನು ಹೊಸಬರು ಗುರುತಿಸಲಾಗದೆ ಬಿಟ್ಟುಬಿಡುತ್ತಾರೆ. ಎಲ್ಲವೂ ಕಂದು, ಎಲ್ಲವೂ ಅವಸರದಲ್ಲಿ. ಅದರಲ್ಲಿ ಅತಿ ಚಿಕ್ಕದು ಲಿಟಲ್ ಸ್ಟಿಂಟ್. ತೂಕ ಇಪ್ಪತ್ತೈದು ಗ್ರಾಂ ಆಸುಪಾಸು, ಮರಿ ಮಾಡುವುದು ಸೈಬೀರಿಯದ ಉತ್ತರ ಅಂಚಿನ ಟುಂಡ್ರಾದಲ್ಲಿ. ಹೆಬ್ಬಾತಿಗೆ ಸಿಕ್ಕ ಪ್ರಚಾರದ ನೂರರಲ್ಲಿ ಒಂದು ಪಾಲೂ ಇದಕ್ಕೆ ಸಿಕ್ಕಿಲ್ಲ. ದೂರದ ಲೆಕ್ಕ ಹಿಡಿದರೆ ಇದೇ ದೊಡ್ಡ ಪ್ರಯಾಣಿಕ.

ನೀರು ಬಿಟ್ಟು ಹೊಲಕ್ಕೆ ಬಂದರೆ ಚಳಿಗಾಲದ ಯಜಮಾನಿಕೆ ಗುಲಾಬಿ ಕಬ್ಬಕ್ಕಿಯದು. ಕಪ್ಪು ತಲೆ, ಕಪ್ಪು ರೆಕ್ಕೆ, ನಡುವೆ ಮಾಸಿದ ಗುಲಾಬಿ ಮೈ. ಮಧ್ಯ ಏಷ್ಯಾದಿಂದ ಮಳೆಗಾಲ ಮುಗಿಯುವ ಮೊದಲೇ ಬರತೊಡಗಿ ಮಾರ್ಚ್, ಏಪ್ರಿಲ್‌ವರೆಗೆ ಉಳಿಯುತ್ತದೆ. ಬೀದರ್ ಗಡಿಯ ಮನೆಗಳಲ್ಲಿ ಎಳ್ಳಮಾಸಿಗೆ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹೊತ್ತಿಗೆ ಬಿಳಿಜೋಳ ಹೊಡೆ ಬಿಚ್ಚಿರುತ್ತದೆ. ಮುಂದಿನ ಕೆಲವು ವಾರ ಸೀತನಿ ತಿನ್ನುವ ಕಾಲ. ಹಾಲುಗಾಳಿನ ಆ ರುಚಿ ಕಬ್ಬಕ್ಕಿಗೂ ಗೊತ್ತು. ನೂರಾರು ಹಕ್ಕಿ ಒಮ್ಮೆಲೇ ಹೊಲಕ್ಕೆ ಬಿದ್ದು ತೆನೆ ಉಜ್ಜಿ ಹೋಗುತ್ತವೆ. ಅಟ್ಟದ ಮೇಲೆ ಕೂತ ಹುಡುಗ ಕವಣೆ ಬೀಸುತ್ತಾನೆ, ಡಬ್ಬಿ ಬಡಿಯುತ್ತಾನೆ. ಹಿಂಡು ಎದ್ದು ಪಕ್ಕದವನ ಹೊಲಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೊಂದು ಡಬ್ಬಿಯ ಸದ್ದು.

ಇದೇ ಹಕ್ಕಿಗೆ ಚೀನಾದ ಶಿಂಜಿಯಾಂಗಿನಲ್ಲಿ ರಾಜಮರ್ಯಾದೆ. ಅಲ್ಲಿ ಅದು ಮರಿ ಮಾಡುವುದು ಮಿಡತೆ ಏಳುವ ಕಾಲದಲ್ಲಿ, ಮರಿಗಳನ್ನು ಸಾಕುವುದು ಮಿಡತೆ ತಿನ್ನಿಸಿ. ಹುಲ್ಲುಗಾವಲು ಉಳಿಸಲು ಔಷಧಿ ಹೊಡೆಯುವುದಕ್ಕಿಂತ ಕಬ್ಬಕ್ಕಿಯನ್ನು ಕರೆಯುವುದು ಲೇಸೆಂದು ಕಂಡುಕೊಂಡು, ಗೂಡಿಗೆಂದೇ ಕಲ್ಲಿನ ಗುಡ್ಡೆಗಳನ್ನು ಒಟ್ಟಿ ಕೊಟ್ಟಿದ್ದಾರೆ. ನಮ್ಮ ಕಡೆಯೂ ಜೋಳ ಕೊಯ್ದ ಮೇಲೆ ಅದು ಮುತ್ತುಗ, ಬೂರುಗದ ಹೂವಿಗೆ ಮುಖ ಹಚ್ಚಿ ಹಣೆತುಂಬ ಪರಾಗ ಹೊತ್ತು ತಿರುಗುತ್ತದೆ. ಆ ಸೇವೆಯನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ.

ಸಂಜೆ ಈ ಕಬ್ಬಕ್ಕಿ ಹಿಂಡುಗಳು ರಾತ್ರಿ ತಂಗುವ ಜಾಗ ಸೇರುವ ಮೊದಲು ಆಕಾಶದಲ್ಲಿ ಸುತ್ತುವ ಆಟ ಭೌತವಿಜ್ಞಾನಿಗಳನ್ನೂ ಸೆಳೆದಿದೆ. ಸಾವಿರ ಹಕ್ಕಿ ಒಂದಕ್ಕೊಂದು ತಾಗದೆ ಒಟ್ಟಿಗೆ ತಿರುಗುವುದು ಹೇಗೆ? ರೋಮ್ ನಗರದ ಮೇಲೆ ಹಾರುವ ಯುರೋಪಿನ ಕಬ್ಬಕ್ಕಿಗಳ ಚಿತ್ರ ತೆಗೆದು ಪ್ರತಿ ಹಕ್ಕಿಯ ಜಾಗ ಅಳೆದ ತಂಡ 2008ರಲ್ಲಿ ಉತ್ತರ ಕೊಟ್ಟಿತು. ಪ್ರತಿ ಹಕ್ಕಿ ಗಮನಿಸುವುದು ತನ್ನ ಹತ್ತಿರದ ಆರೇಳು ಹಕ್ಕಿಗಳನ್ನು ಮಾತ್ರ. ಅವು ಎಷ್ಟು ದೂರದಲ್ಲಿವೆ ಎಂಬುದು ಮುಖ್ಯವಲ್ಲ. ಹಿಂಡು ಹಿಗ್ಗಿದರೂ ಕುಗ್ಗಿದರೂ ಎಣಿಕೆ ಅದೇ. ಆ ತಂಡದಲ್ಲಿದ್ದ ಜಾರ್ಜಿಯೊ ಪರಿಸಿ ಮುಂದೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದರು.

ಕಬ್ಬಕ್ಕಿಗೆ ಜೋಳ ಬೇಕು, ಜೋಳಕ್ಕೆ ಬಿತ್ತುವವರು ಬೇಕು. ಈ ಸೀಮೆಯಲ್ಲಿ ಹತ್ತಿ, ಕಬ್ಬು, ಸೋಯಾ ಬಂದಂತೆ ಜೋಳದ ಎಕರೆ ಇಳಿದಿದೆ. ಎದುರೀಜು ಹೊಡೆದವರಲ್ಲಿ ಜಹೀರಾಬಾದ್ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು ಮುಖ್ಯರು. ಮೈಸೂರಿನಲ್ಲಿ ಹುಟ್ಟಿ ದೂರದರ್ಶನ ಬಿಟ್ಟು ಬಂದ ಪಿ.ವಿ. ಸತೀಶ್ ಕಟ್ಟಿದ ಸಂಸ್ಥೆ ಅದು. 2023ರ ಮಾರ್ಚಿನಲ್ಲಿ ಅವರು ತೀರಿಕೊಂಡರು. ಒಂದೇ ಹೊಲದಲ್ಲಿ ಜೋಳ, ನವಣೆ, ತೊಗರಿ, ಕುಸುಬೆ ಎಂದು ಹತ್ತಾರು ಬೆಳೆ ಬೆರೆಸಿ, ವಿಷ ಹೊಡೆಯದೆ ಬೆಳೆಯುವ ಈ ಹೆಂಗಸರ ಸಂಘಗಳಿಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಪ್ರಶಸ್ತಿ ಬೆಳೆಗೆ ಸಿಕ್ಕಿತು, ಹಕ್ಕಿಗಲ್ಲ. ಆದರೆ ವಿಷವಿಲ್ಲದ ಹೊಲದಲ್ಲಿ ಮಿಡತೆ ಉಳಿಯುತ್ತದೆ, ಮಿಡತೆ ಇದ್ದ ಕಡೆ ಸೆಳೆವಗಳು ಬರುತ್ತವೆ.

ಸೆಳೆವ ಅಂದರೆ ರೆಕ್ಕೆಯನ್ನು ಮೇಲಕ್ಕೆ ವಿ ಆಕಾರದಲ್ಲಿ ಹಿಡಿದು, ಆಳೆತ್ತರದಲ್ಲಿ ಹೊಲದ ಮೇಲೆ ತೇಲುವ ತೆಳುಮೈಯ ಬೇಟೆಹಕ್ಕಿ. ಗಂಡು ಬೂದುಬಿಳಿ, ಹೆಣ್ಣು ಕಂದು. ಕಜಕಿಸ್ತಾನದ ಹುಲ್ಲುಬಯಲಿನಿಂದ ಬರುವ ಮಾಂಟಗು ಮತ್ತು ಪ್ಯಾಲಿಡ್ ಸೆಳೆವಗಳು ಚಳಿಗಾಲದಲ್ಲಿ ಹೆಚ್ಚಾಗಿ ಮಿಡತೆಯನ್ನೇ ತಿಂದು ಬದುಕುತ್ತವೆ. ಮರದ ಮೇಲೆ ಮಲಗುವ ರೂಢಿ ಇಲ್ಲ. ಸಂಜೆ ಸುತ್ತಲಿನ ಹಕ್ಕಿಗಳೆಲ್ಲ ಒಂದೇ ಹುಲ್ಲುಗಾವಲಿಗೆ ಬಂದು ನೆಲದ ಮೇಲೆ ಮಲಗುತ್ತವೆ. ಗುಜರಾತಿನ ವೇಳಾವದರ್‌ನಲ್ಲಿ ಇಂಥ ಒಂದೇ ಠಾವಿನಲ್ಲಿ ಸಾವಿರಕ್ಕೂ ಮಿಕ್ಕಿ ಸೆಳೆವಗಳನ್ನು ಎಣಿಸಿದ್ದಾರೆ. ಬೆಂಗಳೂರಿನ ಹೆಸರಘಟ್ಟದ ಹುಲ್ಲುಗಾವಲೂ ಒಂದು ಕಾಲಕ್ಕೆ ಹೆಸರಾಗಿತ್ತು. ಅಲ್ಲಿ ಸಂಖ್ಯೆ ಕುಸಿಯುತ್ತ ಬಂದದ್ದನ್ನು ಪರಿಸರ ಸಂಶೋಧನೆ ನಡೆಸುವ ಏಟ್ರೀ ಸಂಸ್ಥೆಯವರು ದಾಖಲಿಸಿದ್ದಾರೆ.

ಬೀದರ್‌ನಿಂದ ಜಹೀರಾಬಾದ್‌ವರೆಗಿನ ಕೆಂಪು ಮುರುಮಿನ ದಿಬ್ಬಗಳಲ್ಲಿ ಸೆಳೆವಕ್ಕೆ ತಕ್ಕ ಕುರುಚಲು ಹುಲ್ಲು ಸಾಕಷ್ಟಿದೆ. ಸರ್ಕಾರಿ ಕಡತದಲ್ಲಿ ಇಂಥ ನೆಲಕ್ಕೆ ಬಂಜರು ಎಂದು ಹೆಸರು. ಬಂಜರಾದರೆ ಕೈಗಾರಿಕೆಗೆ ಕೊಡಲು ತಡೆ ಇಲ್ಲ. ನ್ಯಾಲ್ಕಲ್, ಝರಾಸಂಗಂ ಮಂಡಲಗಳಲ್ಲಿ ಸುಮಾರು 12,600 ಎಕರೆಯ ರಾಷ್ಟ್ರೀಯ ಹೂಡಿಕೆ ಮತ್ತು ತಯಾರಿಕಾ ವಲಯಕ್ಕೆ ಜಾಗ ಗೊತ್ತುಮಾಡಿದ್ದು ಈ ಸೀಮೆಯಲ್ಲೇ. ಜಲಾಶಯದ ಹಕ್ಕಿಗೆ ಕನಿಷ್ಠ ಎಣಿಸುವವರಿದ್ದಾರೆ. ಮುರುಮಿನ ದಿಬ್ಬದ ಹಕ್ಕಿಯನ್ನು ಕೇಳುವವರು ಕಡಿಮೆ.

ಎಣಿಕೆಯ ಕೆಲಸ ನಡೆಯುವುದು ಜನವರಿಯಲ್ಲಿ. 1987ರಿಂದ ಪ್ರತಿ ವರ್ಷ ಏಷ್ಯಾದ ದೇಶಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತ ಬಂದಿದೆ. ತೆಲಂಗಾಣದಲ್ಲಿ ಅದಕ್ಕೆ ಹೆಗಲು ಕೊಡುವವರಲ್ಲಿ ಹೈದರಾಬಾದಿನ ಡೆಕ್ಕನ್ ಬರ್ಡರ್ಸ್ ಪ್ರಮುಖರು. 1980ರಲ್ಲಿ ಆಂಧ್ರಪ್ರದೇಶದ ಪಕ್ಷಿವೀಕ್ಷಕರ ಸಂಘವಾಗಿ ಶುರುವಾದ ಬಳಗ ಅದು. ಐದು ಸಾವಿರ ಬಾತಿನ ಹಿಂಡನ್ನು ಯಾರೂ ಒಂದು, ಎರಡು ಎಂದು ಎಣಿಸುವುದಿಲ್ಲ. ಹಿಂಡಿನ ಒಂದು ತುದಿಯಲ್ಲಿ ನೂರು ಹಕ್ಕಿ ಎಷ್ಟು ಜಾಗ ಹಿಡಿಯುತ್ತದೆಂದು ನೋಡಿಕೊಂಡು, ಅದೇ ಅಳತೆಯಲ್ಲಿ ಉಳಿದದ್ದನ್ನು ಭಾಗ ಮಾಡುತ್ತ ಹೋಗುತ್ತಾರೆ. ಇಬ್ಬರು ಬೇರೆಬೇರೆ ಎಣಿಸಿ ಆಮೇಲೆ ತಾಳೆ ನೋಡುವುದು ವಾಡಿಕೆ. ಇಂಥ ಸಾವಿರಾರು ಮಂದಿಯ ಟಿಪ್ಪಣಿ ಕೂಡಿಸಿ 2023ರಲ್ಲಿ ಹೊರಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಗಳನ್ನು ಪರಿಶೀಲಿಸಿತು. ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದ 338 ಜಾತಿಗಳಲ್ಲಿ ನೂರಕ್ಕೆ ಅರವತ್ತು ಇಳಿಮುಖವಾಗಿದ್ದವು.

ಮಾಂಜ್ರಾದ ಹಕ್ಕಿಗಳ ಲೆಕ್ಕ ಮಾತ್ರ ಒಂದು ವರ್ಷದ ಗಣತಿಯಿಂದ ಹತ್ತುವಂಥದ್ದಲ್ಲ. 2015–16ರ ಬರದಲ್ಲಿ ಸಿಂಗೂರು ಬರಿದಾಗಿ ಹೈದರಾಬಾದಿಗೆ ಹೋಗುವ ಕುಡಿಯುವ ನೀರೂ ನಿಂತಿತ್ತು. ಅಂಥ ವರ್ಷ ಹಕ್ಕಿ ಬೇರೆ ನೀರು ಹುಡುಕಿಕೊಂಡು ಹೋಗುತ್ತದೆ. ಇನ್ನು ಮಳೆ ಜಾಸ್ತಿಯಾಗಿ ಜನವರಿಯಲ್ಲೂ ಜಲಾಶಯ ತುಂಬಿದ್ದರೆ ಕೆಸರಿನ ಪಟ್ಟಿಯೇ ಹೊರಬೀಳದು, ಹುಲ್ಲು ಚಿಗುರದು. ಆಗಲೂ ಗೊರವ, ಹೆಬ್ಬಾತು ಕಡಿಮೆ. ನೀರು ಇರಬೇಕು, ಇಳಿಯುತ್ತಲೂ ಇರಬೇಕು. ಈ ಎರಡೂ ಕೂಡಿಬರುವುದು ಬಹುಮಟ್ಟಿಗೆ ತೂಬಿನ ಕೀಲಿ ಕೈಯಲ್ಲಿರುವ ನೀರಾವರಿ ಅಧಿಕಾರಿಯ ವೇಳಾಪಟ್ಟಿಯಿಂದ.

ಆ ವೇಳಾಪಟ್ಟಿ ಬದಲಾಗುವ ಸೂಚನೆಗಳೂ ಇವೆ. 2022ರ ಫೆಬ್ರವರಿ 21ರಂದು ನಾರಾಯಣಖೇಡದಲ್ಲಿ ಸಂಗಮೇಶ್ವರ, ಬಸವೇಶ್ವರ ಏತ ನೀರಾವರಿ ಯೋಜನೆಗಳಿಗೆ ಅಡಿಗಲ್ಲು ಬಿತ್ತು. ಸಿಂಗೂರಿನಿಂದ ನೀರೆತ್ತಿ ಜಹೀರಾಬಾದ್, ನಾರಾಯಣಖೇಡ ಸೀಮೆಯ ಒಣಹೊಲಗಳಿಗೆ ಹರಿಸುವ ಯೋಜನೆ. ಎರಡೂ ಸೇರಿ 20 ಟಿಎಂಸಿ. ಮಳೆ ನಂಬಿ ಜೋಳ, ಕಡಲೆ ಬಿತ್ತುವ ಮನೆಗಳಿಗೆ ಇದು ಬಹುಕಾಲದ ಬೇಡಿಕೆ, ಬೇಡ ಎನ್ನುವ ಹಕ್ಕು ಹೊರಗಿನವರಿಗಿಲ್ಲ. ಕಾಲುವೆಯ ನೀರು ಬಂದರೆ ಜೋಳದ ಹೊಲ ಭತ್ತದ ಗದ್ದೆಯೋ ಕಬ್ಬಿನ ತೋಟವೋ ಆಗಬಹುದು. ಆಗ ಕಬ್ಬಕ್ಕಿ, ಸೆಳೆವಗಳಿಗೆ ಜಾಗ ಕಿರಿದಾಗುತ್ತದೆ, ಗದ್ದೆಯ ಗೊರವ, ಕುಂಡೆಕುಸ್ಕಗಳಿಗೆ ಹಿರಿದಾಗುತ್ತದೆ. ಕಾಲುವೆ ಬರುವ ಮೊದಲಿನ ಕೆಲವು ಚಳಿಗಾಲಗಳಲ್ಲಿ ಈ ಹೊಲ, ಕೆರೆ, ದಿಬ್ಬಗಳಲ್ಲಿ ಯಾವ ಹಕ್ಕಿ ಎಷ್ಟಿತ್ತೆಂದು ಕಲ್ಹೇರ್, ನಾರಾಯಣಖೇಡದ ಶಾಲೆ ಕಾಲೇಜಿನ ಹುಡುಗರು ಬರೆದಿಟ್ಟರೆ, ಆಮೇಲಿನ ಲೆಕ್ಕವನ್ನು ತಾಳೆ ನೋಡಲು ಒಂದು ಆಧಾರವಿರುತ್ತದೆ. ಅದಕ್ಕೆ ಬೇಕಾದದ್ದು ಒಂದು ದುರ್ಬೀನು, ಒಂದು ನೋಟ್‌ಬುಕ್ಕು, ಬೆಳಗಿನ ಎರಡು ತಾಸು.